ಇಟಲಿಗೆ ಅಡುಗೆ ಹೇಳಿಕೊಟ್ಟ ರೇಷ್ಮೆ ವ್ಯಾಪಾರಿ

250 ಗ್ರಾಂ ಸಕ್ಕರೆ, 150 ಗ್ರಾಂ ನಯವಾದ ಹಿಟ್ಟು, 50 ಗ್ರಾಂ ಬಾದಾಮಿ, ಆರು ಮೊಟ್ಟೆ, ಜೊತೆಗೆ ಇನ್ನೂ ಮೂರು ಮೊಟ್ಟೆಗಳ ಹಳದಿ ಭಾಗ, ಪರಿಮಳಕ್ಕೆ ತುರಿದ ನಿಂಬೆ ಸಿಪ್ಪೆ. ಇಟಲಿಯ 'ಬೊಕ್ಕಾ ದಿ ದಾಮಾ' ಎಂಬ ಬಾದಾಮಿ ಕೇಕಿಗೆ ಬೇಕಾಗುವ ಸಾಮಗ್ರಿ ಇಷ್ಟೇ. ಹೆಸರಿನ ಅರ್ಥ 'ಮಾನಿನಿಯ ಬಾಯಿ'. ಹೀಗೆ ಒಂದೊಂದು ತಿನಿಸಿಗೂ ಲೆಕ್ಕ ಬರೆದಿಟ್ಟು, ಅಜ್ಜಿ-ತಾಯಂದಿರ ಕೈಯಳತೆಯನ್ನು ಯಾರು ಬೇಕಾದರೂ ಓದಿ ಮಾಡಬಹುದಾದ ವಿದ್ಯೆಯಾಗಿಸಿದಾತ ಬಾಣಸಿಗನಲ್ಲ, ಮಿಠಾಯಿ ಅಂಗಡಿಯ ಮಾಲೀಕನೂ ಅಲ್ಲ. ಆತ ರೇಷ್ಮೆಯ ವ್ಯಾಪಾರಿ, ಅವಿವಾಹಿತ, ಸಾಹಿತ್ಯಪ್ರಿಯ. ಹೆಸರು ಪೆಲ್ಲೆಗ್ರೀನೊ ಅರ್ತೂಸಿ.

1891ರಲ್ಲಿ, ಎಪ್ಪತ್ತರ ಗಡಿ ದಾಟಿದ್ದಾಗ, ಆತ ಸ್ವಂತ ಹಣದಿಂದ ಅಚ್ಚು ಹಾಕಿಸಿದ ಪುಸ್ತಕದ ಹೆಸರು 'ಲಾ ಶಿಯೆನ್ಸಾ ಇನ್ ಕುಚೀನಾ ಎ ಲಾರ್ತೆ ದಿ ಮಾಂಜಾರ್ ಬೆನೆ'. ಅಡುಗೆಮನೆಯಲ್ಲಿ ವಿಜ್ಞಾನ ಮತ್ತು ಚೆನ್ನಾಗಿ ಉಣ್ಣುವ ಕಲೆ ಎಂಬುದು ಅದರ ಅರ್ಥ. ಪ್ರಕಾಶಕರು ಬೇಡವೆಂದ, ವಿದ್ವಾಂಸರು ನಕ್ಕು ತಳ್ಳಿಹಾಕಿದ ಆ ಪುಸ್ತಕ ಇಂದಿಗೂ ಇಟಲಿಯ ಮನೆಗಳಲ್ಲಿದೆ. ಅದರ ಹಿಂದೆ ಛಿದ್ರಗೊಂಡ ಒಂದು ಕುಟುಂಬದ ಕಥೆಯೂ ಇದೆ, ಒಲೆಯ ಮುಂದೆ ನಿಂತು ದುಡಿದ ಒಬ್ಬ ಮಹಿಳೆಯ ಋಣದ ಕಥೆಯೂ ಇದೆ.

ಕಿರಾಣಿ ಅಂಗಡಿಯ ಮಗ

ಅರ್ತೂಸಿ ಹುಟ್ಟಿದ್ದು 1820ರ ಆಗಸ್ಟ್ 4ರಂದು, ರೊಮಾನ್ಯ ಪ್ರಾಂತ್ಯದ ಫೊರ್ಲಿಂಪೊಪೊಲಿ ಎಂಬ ಪುಟ್ಟ ಪಟ್ಟಣದಲ್ಲಿ. ಆಗ ಇಟಲಿ ಎಂಬ ದೇಶವೇ ಇರಲಿಲ್ಲ. ಪರ್ಯಾಯ ದ್ವೀಪ ಹಲವು ರಾಜ್ಯಗಳಾಗಿ ಹಂಚಿಹೋಗಿತ್ತು. ರೊಮಾನ್ಯ ಪೋಪರ ಆಳ್ವಿಕೆಗೆ ಸೇರಿತ್ತು.

ತಂದೆ ಅಗೊಸ್ತೀನೊ ಊರಿನ ಸ್ಥಿತಿವಂತ ದಿನಸಿ ವ್ಯಾಪಾರಿ. ಅಂತಹ ಅಂಗಡಿಗಳಲ್ಲಿ ಸಕ್ಕರೆ, ಸಾಂಬಾರ ಪದಾರ್ಥ, ಔಷಧಿ ವಸ್ತುಗಳೆಲ್ಲ ಒಂದೇ ಸೂರಿನಡಿ ದೊರೆಯುತ್ತಿದ್ದವು. ತಾಯಿ ತೆರೇಸಾ ಜುಂಕಿ. ಹಲವು ಹೆಣ್ಣುಮಕ್ಕಳ ನಡುವೆ ಪೆಲ್ಲೆಗ್ರೀನೊ ಒಬ್ಬನೇ ಗಂಡು ಮಗ. ಅಂಗಡಿಯ ಹೊಣೆ ಮುಂದೆ ಅವನದೇ ಎಂಬುದು ಹುಟ್ಟಿನಿಂದಲೇ ನಿಶ್ಚಯವಾಗಿತ್ತು.

ಹತ್ತಿರದ ಬೆರ್ತಿನೊರೊ ಊರಿನ ಧಾರ್ಮಿಕ ವಿದ್ಯಾಲಯದಲ್ಲಿ ಶಿಕ್ಷಣವಾಯಿತು. ಯೌವನದಲ್ಲಿ ಬೊಲೋನ್ಯಾ ನಗರದ ವಿದ್ಯಾರ್ಥಿಗಳ ಒಡನಾಟವೂ ದೊರೆಯಿತು. ಅಲ್ಲಿನ 'ತ್ರೇ ರೇ' ಎಂಬ ಭೋಜನಶಾಲೆಯಲ್ಲಿ ಫೆಲಿಚೆ ಒರ್ಸೀನಿ ಎಂಬ ಕ್ರಾಂತಿಕಾರಿಯನ್ನು ಕಂಡದ್ದನ್ನು ಆತ ಮುಂದೆ ಅಡುಗೆ ಪುಸ್ತಕದಲ್ಲೇ, ಮ್ಯಾಕರೋನಿಯ ವಿಧಾನದ ನಡುವೆ ನೆನೆದಿದ್ದಾನೆ. 1858ರಲ್ಲಿ ಫ್ರಾನ್ಸಿನ ಮೂರನೇ ನೆಪೋಲಿಯನ್ನನ ಮೇಲೆ ಬಾಂಬ್ ಎಸೆದು ಗಿಲೋಟಿನ್‌ಗೆ ತಲೆಯೊಡ್ಡಿದ ಒರ್ಸೀನಿ ಈತನೇ. ಅರ್ತೂಸಿ ಮಾತ್ರ ಬಾಂಬಿನ ಹಾದಿ ಹಿಡಿಯಲಿಲ್ಲ. ತಕ್ಕಡಿಯ ಮುಂದೆಯೇ ಉಳಿದ.

1851ರ ಆ ರಾತ್ರಿ

1851ರ ಜನವರಿ 25. ಫೊರ್ಲಿಂಪೊಪೊಲಿಯ ನಾಟಕಶಾಲೆಯಲ್ಲಿ ಪ್ರದರ್ಶನ ನಡೆದಿತ್ತು. ಊರಿನ ಅನುಕೂಲಸ್ಥರೆಲ್ಲ ಅಲ್ಲಿ ಸೇರಿದ್ದರು. ತೆರೆ ಸರಿದಾಗ ರಂಗದ ಮೇಲೆ ಕಂಡವರು ನಟರಲ್ಲ, ಪ್ರೇಕ್ಷಕರತ್ತ ಬಂದೂಕು ಗುರಿಯಿಟ್ಟ ದರೋಡೆಕೋರರು. ಅವರ ನಾಯಕ ಸ್ತೆಫಾನೊ ಪೆಲ್ಲೊನಿ. ದೋಣಿ ದಾಟಿಸುವವನ ಮಗನಾದ್ದರಿಂದ 'ಇಲ್ ಪಸ್ಸತೋರೆ', ಅಂದರೆ ಅಂಬಿಗ ಎಂದೇ ಅವನು ಕುಖ್ಯಾತ.

ನೆರೆದವರನ್ನು ಒತ್ತೆಯಿಟ್ಟುಕೊಂಡು ಶ್ರೀಮಂತರಿಂದ ಹಣ ವಸೂಲಿ ಮಾಡಿದ ತಂಡ ಮನೆಗಳಿಗೂ ನುಗ್ಗಿತು. ಅವುಗಳಲ್ಲಿ ಅರ್ತೂಸಿಯ ಮನೆಯೂ ಒಂದು. ಹಣ, ಒಡವೆ ಹೋದದ್ದು ದೊಡ್ಡದಲ್ಲ. ಸಹೋದರಿ ಗೆರ್ತ್ರೂದೆಯ ಮನಸ್ಸು ಆ ರಾತ್ರಿಯ ದಾಳಿಯಿಂದ ಕದಡಿಹೋಯಿತು. ಮತ್ತೆ ತಿಳಿಯಾಗಲೇ ಇಲ್ಲ. ಆಕೆಯನ್ನು ಪೆಸಾರೊ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಬೇಕಾಯಿತು.

ಎರಡೇ ತಿಂಗಳಲ್ಲಿ, ಮಾರ್ಚ್ 23ರಂದು, ಪಸ್ಸತೋರೆ ಗುಂಡಿಗೆ ಬಲಿಯಾದ. ಆದರೆ ಕಾಲ ಸರಿದಂತೆ ಜನಪದ ಅವನನ್ನು ಬಡವರ ಬಂಧುವಾಗಿ ಹಾಡಿತು. ರೊಮಾನ್ಯದವನೇ ಆದ ಕವಿ ಜೊವಾನ್ನಿ ಪಾಸ್ಕೊಲಿಯ ಪದ್ಯವೂ ಅವನಿಗೆ ಸೌಜನ್ಯಶೀಲನೆಂಬ ಬಿರುದು ಕೊಟ್ಟಿತು. ಅರ್ತೂಸಿಯ ಮನೆಯವರ ನೆನಪಿನಲ್ಲಿದ್ದ ಪಸ್ಸತೋರೆಯೇ ಬೇರೆ. ಅದನ್ನು ಆತ ಮುಪ್ಪಿನಲ್ಲಿ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ. ಅದು ಅಚ್ಚಾಗಿ ಹೊರಬಂದದ್ದು 1993ರಲ್ಲಿ.

ಹುಟ್ಟೂರಿನ ನೆಲ ಕಾಲಿಗೆ ಸುಡುವಂತಾದ ಮೇಲೆ ಕುಟುಂಬ ಎಲ್ಲವನ್ನೂ ಕಳಚಿಕೊಂಡು ಫ್ಲಾರೆನ್ಸ್ ನಗರಕ್ಕೆ ವಲಸೆ ಹೋಯಿತು. ಮೂವತ್ತು ವರ್ಷ ದಾಟಿದ್ದ ಮಗ ಹೊಸ ಊರಿನಲ್ಲಿ ಹೊಸ ಬದುಕು ಕಟ್ಟಬೇಕಾಯಿತು.

ರೇಷ್ಮೆಯಿಂದ ಒಲೆಯೆಡೆಗೆ

ಫ್ಲಾರೆನ್ಸಿನಲ್ಲಿ ಅರ್ತೂಸಿ ರೇಷ್ಮೆಯ ವಹಿವಾಟಿಗೆ ಇಳಿದ. ಪರಿಶ್ರಮಿ, ಲೆಕ್ಕದಲ್ಲಿ ಕಟ್ಟುನಿಟ್ಟು. ಐವತ್ತು ತುಂಬುವ ವೇಳೆಗೆ ವ್ಯಾಪಾರದಿಂದ ನಿವೃತ್ತನಾಗಿ, ಕೂಡಿಟ್ಟ ಹಣದ ಆದಾಯದಲ್ಲಿ ನೆಮ್ಮದಿಯಾಗಿ ಬದುಕುವಷ್ಟು ಅನುಕೂಲ ಒದಗಿತ್ತು. ದಾಜೇಲ್ಯೊ ಚೌಕದ ಮನೆಯಲ್ಲಿ ಆತ, ಇಬ್ಬರು ಕೆಲಸದವರು, ಎರಡು ಬೆಕ್ಕು. ಬೆಕ್ಕುಗಳ ಹೆಸರು ಬಿಯಾಂಕಾನಿ ಮತ್ತು ಸಿಬಿಲ್ಲೋನೆ. ಅಡುಗೆ ಪುಸ್ತಕದ ಮೊದಲ ಮುದ್ರಣ ಅರ್ಪಿತವಾದದ್ದು ಯಾವ ದೊರೆಗೂ ಅಲ್ಲ, ಈ ಬೆಕ್ಕುಗಳಿಗೆ.

ಅಡುಗೆಗಿಂತ ಮೊದಲು ಆತ ಕೈ ಹಾಕಿದ್ದು ಸಾಹಿತ್ಯಕ್ಕೆ. 1878ರಲ್ಲಿ ಕವಿ ಊಗೊ ಫೋಸ್ಕೊಲೊನ ಜೀವನ ಚರಿತ್ರೆ ಪ್ರಕಟಿಸಿದ. ಅನಂತರ ಕವಿ ಜುಸೆಪ್ಪೆ ಜೂಸ್ತಿಯ ಪತ್ರಗಳ ಮೇಲೂ ಬರೆದ. ಎರಡನ್ನೂ ಕೊಂಡು ಓದಿದವರು ವಿರಳ.

ಆಹಾರದ ಬಗೆಗಿನ ಆತನ ಆಸಕ್ತಿ ಬರಿಯ ನಾಲಿಗೆ ಚಪಲದ್ದಲ್ಲ. 1855ರಲ್ಲಿ ಲಿವೋರ್ನೊ ಎಂಬ ಕಡಲತೀರದ ಊರಿಗೆ ಹೋಗಿದ್ದಾಗ ಊಟದ ಮನೆಯೊಂದರಲ್ಲಿ ತರಕಾರಿ ಸಾರು ಕುಡಿದು, ಆ ರಾತ್ರಿಯೆಲ್ಲ ಹೊಟ್ಟೆನೋವಿನಿಂದ ಒದ್ದಾಡಿದ. ತಪ್ಪೆಲ್ಲ ಸಾರಿನದೇ ಎಂದು ಶಪಿಸುತ್ತ ಫ್ಲಾರೆನ್ಸಿಗೆ ಮರಳಿದ. ಮರಳಿದ ಮೇಲೆ ಸುದ್ದಿ ಬಂತು: ಲಿವೋರ್ನೊದಲ್ಲಿ ಕಾಲರಾ ಹಬ್ಬಿದೆ, ಆತ ತಂಗಿದ್ದ ಮನೆಯ ಯಜಮಾನ ಅದಕ್ಕೆ ಬಲಿಯಾಗಿದ್ದಾನೆ. ಸಾರಿನ ಮೇಲೆ ಹೊರಿಸಿದ್ದ ಅಪವಾದ ಸುಳ್ಳಾಯಿತು. ಆ ಸಾರನ್ನು ತಾನೇ ಹಲವು ಬಾರಿ ಮಾಡಿಸಿ, ರುಚಿಗೆ ತಕ್ಕಂತೆ ತಿದ್ದಿ ಪುಸ್ತಕಕ್ಕೆ ಸೇರಿಸಿದ. ಅಡುಗೆಯ ವಿಧಾನದೊಂದಿಗೆ ಬದುಕಿನ ಒಂದು ತುಣುಕನ್ನೂ ಬಡಿಸುವುದು ಆತನ ಬರವಣಿಗೆಯ ವೈಶಿಷ್ಟ್ಯ.

ಯಾರಿಗೂ ಬೇಡವಾದ ಪುಸ್ತಕ

ಹಸ್ತಪ್ರತಿ ಸಿದ್ಧವಾದಾಗ ಅದರಲ್ಲಿ 475 ಪಾಕಗಳಿದ್ದವು. ಪ್ರಕಾಶಕರ ಬಾಗಿಲು ತಟ್ಟಿದ್ದಷ್ಟೇ ಬಂತು. ಪರಿಚಿತ ಪ್ರಾಧ್ಯಾಪಕ ಫ್ರಾಂಚೆಸ್ಕೊ ತ್ರೆವಿಸಾನ್ ಈ ಪುಸ್ತಕ ಯಶಸ್ವಿಯಾಗದೆಂದು ಭವಿಷ್ಯ ನುಡಿದ. ಕೊನೆಗೆ ಫ್ಲಾರೆನ್ಸಿನ ಸಾಲ್ವತೋರೆ ಲಾಂದಿಯ ಮುದ್ರಣಾಲಯದಲ್ಲಿ, ಲೇಖಕನದೇ ಖರ್ಚಿನಲ್ಲಿ ಸಾವಿರ ಪ್ರತಿಗಳು ಅಚ್ಚಾದವು.

ಹುಟ್ಟೂರೂ ಆತನನ್ನು ಆದರಿಸಲಿಲ್ಲ. ಫೊರ್ಲಿಂಪೊಪೊಲಿಯಲ್ಲಿ ನಡೆದ ಸಹಾಯಾರ್ಥ ಲಾಟರಿಗೆ ಅರ್ತೂಸಿ ಎರಡು ಪ್ರತಿ ಕಳಿಸಿದ್ದ. ಬಹುಮಾನವಾಗಿ ಪಡೆದವರು ಅವನ್ನು ತಂಬಾಕಿನ ಅಂಗಡಿಗೆ ಮಾರಿಬಿಟ್ಟರು. ಈ ಅವಮಾನವನ್ನು ಆತ ಮುಚ್ಚಿಡಲಿಲ್ಲ. ಮುಂದಿನ ಮುದ್ರಣಗಳ ಮುನ್ನುಡಿಯಲ್ಲಿ ತನ್ನ ಪುಸ್ತಕವನ್ನು ಸಿಂಡ್ರೆಲಾಳಿಗೆ ಹೋಲಿಸಿ, ನಗುನಗುತ್ತಲೇ ಬರೆದುಕೊಂಡ.

ಮಾನವಶಾಸ್ತ್ರಜ್ಞ ಪಾವೊಲೊ ಮಾಂತೆಗಾತ್ಸಾನಂತಹ ಕೆಲವರ ಪ್ರೋತ್ಸಾಹ ದೊರೆತದ್ದೇ ಆರಂಭದ ಸಮಾಧಾನ. ಲೇಖಕನೇ ಮನೆಯಿಂದ ಅಂಚೆಯಲ್ಲಿ ಪ್ರತಿಗಳನ್ನು ಕಳಿಸುತ್ತಿದ್ದ. ಎರಡನೇ ಮುದ್ರಣ ಕಾಣಲು 1895ರ ತನಕ ಕಾಯಬೇಕಾಯಿತು. ಅನಂತರ ಬೇಡಿಕೆ ನಿಲ್ಲಲಿಲ್ಲ. ದೇಶದ ಮೂಲೆ ಮೂಲೆಗಳಿಂದ ಗೃಹಿಣಿಯರು ಪತ್ರ ಬರೆದರು. ತಪ್ಪು ತೋರಿಸಿದರು, ತಮ್ಮ ಮನೆಯ ತಿನಿಸಿನ ವಿಧಾನ ಕಳಿಸಿದರು. ಅರ್ತೂಸಿ ಅವುಗಳನ್ನು ಮನೆಯ ಒಲೆಯ ಮೇಲೆ ಪರೀಕ್ಷಿಸಿ, ಗೆದ್ದದ್ದನ್ನು ಸೇರಿಸುತ್ತ ಹೋದ. ಕಡೆಗಾಲದ ಮುದ್ರಣಗಳಲ್ಲಿ ಪಾಕಗಳ ಸಂಖ್ಯೆ 790. ಹಲವು ಮನೆಗಳು ಕೂಡಿ ಬರೆದ ಪುಸ್ತಕವೆಂದರೂ ತಪ್ಪಾಗದು.

ಬಾದಾಮಿಗೆ ನಿಂಬೆಯ ನಂಟು

ಪುಸ್ತಕದ ಸಿಹಿತಿನಿಸುಗಳ ಭಾಗದಲ್ಲಿ ಮತ್ತೆ ಮತ್ತೆ ಎದುರಾಗುವ ಪರಿಮಳ ನಿಂಬೆಯದು; ರಸದ್ದಲ್ಲ, ಸಿಪ್ಪೆಯದು. ಸಿಪ್ಪೆಯ ಹೊರಗಿನ ಹಳದಿ ಪದರದಲ್ಲಿ ಸುಗಂಧ ತೈಲದ ಸಣ್ಣ ಕೋಶಗಳಿರುತ್ತವೆ. ಅದರ ಕೆಳಗಿನ ಬಿಳಿ ತಿರುಳು ಕಹಿ. ಆದ್ದರಿಂದ ಹಳದಿಯಷ್ಟನ್ನೇ ಹಗುರವಾಗಿ ತುರಿಯಬೇಕು. ಅಲ್ಲಿನ ನಿಂಬೆ ನಮ್ಮ ಸಂತೆಯ ತೆಳುಸಿಪ್ಪೆಯ ನಿಂಬೆಗಿಂತ ದೊಡ್ಡದು, ದಪ್ಪ ಸಿಪ್ಪೆಯದು, ತುರಿಯುವುದು ಸುಲಭ. ಬಾದಾಮಿಯ ಜಿಡ್ಡಿನ ಭಾರವನ್ನು ಈ ಪರಿಮಳ ಹಗುರಗೊಳಿಸುತ್ತದೆ.

ಬೊಕ್ಕಾ ದಿ ದಾಮಾ ತಯಾರಿಯಲ್ಲಿ ಅರ್ತೂಸಿಯ ಶಿಸ್ತು ಎದ್ದು ಕಾಣುತ್ತದೆ. ಬಾದಾಮಿಯ ಸಿಪ್ಪೆ ಸುಲಿದು ಚೆನ್ನಾಗಿ ಒಣಗಿಸಬೇಕು. ಒಂದು ಚಮಚ ಸಕ್ಕರೆಯೊಡನೆ ಒರಳಿನಲ್ಲಿ ನಯವಾಗಿ ಕುಟ್ಟಬೇಕು. ಸಕ್ಕರೆ ಜಿಡ್ಡನ್ನು ಹೀರಿಕೊಂಡು ಬಾದಾಮಿ ಮುದ್ದೆಯಾಗದಂತೆ ತಡೆಯುತ್ತದೆ. ಆ ಪುಡಿಯನ್ನು ಗಂಟಿಲ್ಲದಂತೆ ಹಿಟ್ಟಿನಲ್ಲಿ ಬೆರೆಸಬೇಕು. ಮೊಟ್ಟೆಯ ಹಳದಿಯನ್ನು ಉಳಿದ ಸಕ್ಕರೆ ಮತ್ತು ನಿಂಬೆ ತುರಿಯೊಡನೆ ಕಾಲು ಗಂಟೆ, ಹಿಟ್ಟು ಸೇರಿಸಿದ ಬಳಿಕ ಅರ್ಧ ಗಂಟೆಗೂ ಮಿಕ್ಕಿ ಕಡೆಯಬೇಕು. ನೊರೆಯೇಳುವಂತೆ ಕಡೆದ ಮೊಟ್ಟೆಯ ಬಿಳಿಯನ್ನು ಕೊನೆಗೆ ಮೆಲ್ಲನೆ ಸೇರಿಸಿ, ಬೆಣ್ಣೆ ಸವರಿ ಸಕ್ಕರೆ ಪುಡಿ ಮತ್ತು ಹಿಟ್ಟು ಉದುರಿಸಿದ ಪಾತ್ರೆಗೆ ಸುರಿದು ಬೇಯಿಸಬೇಕು. ಇಲ್ಲಿ ಸೋಡವಿಲ್ಲ, ಬೇಕಿಂಗ್ ಪುಡಿಯಿಲ್ಲ. ಕೇಕು ಉಬ್ಬುವುದು ಕಡೆದಾಗ ಒಳಸೇರಿದ ಗಾಳಿಯಿಂದ ಮಾತ್ರ. ಅರ್ಧ ಗಂಟೆಯ ಕಡೆತ ಅಲಂಕಾರದ ಮಾತಲ್ಲವೆಂಬುದು ಮಾಡಿದವರಿಗೆ ಗೊತ್ತು. ಬೇಕಾದರೆ ಬಾದಾಮಿಯನ್ನೇ ಬಿಟ್ಟೂ ಮಾಡಬಹುದೆಂಬ ಔದಾರ್ಯವನ್ನೂ ಆತ ತೋರುತ್ತಾನೆ.

'ತೋರ್ತಾ ಮಾಂತೊವಾನಾ' ಇದರದೇ ಬಳಗದ್ದು. ಹಿಟ್ಟು, ಸಕ್ಕರೆ ತಲಾ 170 ಗ್ರಾಂ, ಬೆಣ್ಣೆ 150 ಗ್ರಾಂ, ಒಂದು ಇಡೀ ಮೊಟ್ಟೆ, ನಾಲ್ಕರ ಹಳದಿ, ಮತ್ತದೇ ನಿಂಬೆ ಸಿಪ್ಪೆ. ಬಾದಾಮಿ ಮತ್ತು ಪೈನ್ ಮರದ ಬೀಜ ಸೇರಿ 50 ಗ್ರಾಂ. ಇವನ್ನು ಸಣ್ಣಗೆ ಹೆಚ್ಚಿ ಮೇಲೆ ಹರಡಬೇಕು. ಕೇಕು ಎರಡು ಬೆರಳಿಗಿಂತ ಎತ್ತರವಾಗಬಾರದು. ಹದವಾದ ಶಾಖದಲ್ಲಿ ಒಳಗಿನ ತನಕ ಒಣಗಬೇಕು. ತೆಳುವಾದ ಇಂತಹ ಕೇಕುಗಳನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಬಡಿಸಬಹುದು. ಇಂದಿನ ಮನೆಗಳ ಓವನ್ನಿಗೆ ಒಗ್ಗುವಂತೆ ಇದೇ ಮಿಶ್ರಣವನ್ನು ಪುಟ್ಟ ಅಚ್ಚುಗಳಿಗೆ ಸುರಿದರೆ ಬೇಗನೆ ಬೇಯುತ್ತದೆ, ಒಬ್ಬೊಬ್ಬರಿಗೊಂದು ಕೇಕೂ ಆಗುತ್ತದೆ.

ಅರ್ತೂಸಿಯ ಕಾಲದ ಮನೆಗಳಲ್ಲಿ ಓವನ್ ಸಾಮಾನ್ಯವಲ್ಲ. ಮುಚ್ಚಳದ ಮೇಲೂ ಪಾತ್ರೆಯ ಅಡಿಯಲ್ಲೂ ಕೆಂಡ ಹಾಕಿ ಬೇಯಿಸುವ ಸಾಧನವನ್ನು ಬಳಸುತ್ತಿದ್ದರು. ಗುಂಡಿ ತಿರುಗಿಸಿ ಶಾಖ ನಿಗದಿಪಡಿಸುವಂತಿರಲಿಲ್ಲ. ಕೆಂಡದ ಹದ ಕಣ್ಣಿಗೂ ಕೈಗೂ ಗೊತ್ತಿರಬೇಕಿತ್ತು.

ಒಂದು ಎಚ್ಚರಿಕೆ ಅಗತ್ಯ. ಬೊಕ್ಕಾ ದಿ ದಾಮಾ ಕೇಕಿಗೆ ಸಿಹಿ ಬಾದಾಮಿಯ ಜೊತೆ ಕೆಲವು ಕಹಿ ಬಾದಾಮಿಗಳನ್ನೂ ಅರ್ತೂಸಿ ಸೇರಿಸುತ್ತಾನೆ. ಕಹಿ ಬಾದಾಮಿಯಲ್ಲಿ ಅಮಿಗ್ಡಲಿನ್ ಎಂಬ ವಸ್ತುವಿದೆ. ತೇವದೊಡನೆ ಅರೆದಾಗ ಅದು ಒಡೆದು ಸಯನೈಡ್ ವಿಷ ಹುಟ್ಟುತ್ತದೆ. ಇಂದು ಮನೆಯಲ್ಲಿ ಮಾಡುವವರು ಸಿಹಿ ಬಾದಾಮಿಯನ್ನಷ್ಟೇ ಬಳಸುವುದು ಕ್ಷೇಮ. ನಿಂಬೆಯ ಪರಿಮಳವೊಂದೇ ಸಾಕು.

ಮರಿಯೆತ್ತಾಳ ಕೈ

ಇಷ್ಟೆಲ್ಲ ಕುಟ್ಟಿದವರು, ಕಡೆದವರು, ಕೆಂಡದ ಮುಂದೆ ಬೆವರಿದವರು ಯಾರು? ಬರೆದಾತ ಅರ್ತೂಸಿ. ಮಾಡಿದವರು ಮುಖ್ಯವಾಗಿ ಇಬ್ಬರು. ಫೊರ್ಲಿಂಪೊಪೊಲಿಯವನೇ ಆದ ಅಡುಗೆಯವ ಫ್ರಾಂಚೆಸ್ಕೊ ರುಫ್ಫಿಲ್ಲಿ ಒಬ್ಬ. ಟಸ್ಕನಿಯ ಮಾಸ್ಸಾ ಎ ಕೊತ್ಸೀಲೆ ಊರಿನಿಂದ ಬಂದ ಮರಿಯೆತ್ತಾ ಸಬಾತಿನಿ ಇನ್ನೊಬ್ಬಳು. ಯಜಮಾನ ರುಚಿ ನೋಡಿ ತಲೆಯಾಡಿಸುವ ತನಕ ಒಂದೊಂದು ತಿನಿಸನ್ನೂ ಇವರು ಮತ್ತೆ ಮತ್ತೆ ಮಾಡಬೇಕಿತ್ತು. ಪುಸ್ತಕದಲ್ಲಿರುವ ಗ್ರಾಂ ಲೆಕ್ಕದ ನಿಖರತೆ ಯಜಮಾನನ ತಕ್ಕಡಿಯಿಂದಷ್ಟೇ ಬಂದದ್ದಲ್ಲ, ಇವರ ರಟ್ಟೆಯ ದಣಿವಿನಿಂದಲೂ ಬಂದದ್ದು.

ಆ ಕಾಲದಲ್ಲಿ ಮನೆಗೆಲಸದವರ ಹೆಸರನ್ನು ಪುಸ್ತಕದಲ್ಲಿ ಕಾಣಿಸುವ ವಾಡಿಕೆ ಇರಲಿಲ್ಲ. ಅರ್ತೂಸಿ 604ನೆಯ ಪಾಕಕ್ಕೆ 'ಪನೆತ್ತೋನೆ ಮರಿಯೆತ್ತಾ' ಎಂದೇ ಹೆಸರಿಟ್ಟ. 300 ಗ್ರಾಂ ಹಿಟ್ಟು, 100 ಗ್ರಾಂ ಬೆಣ್ಣೆ, ಒಣದ್ರಾಕ್ಷಿ, ನಿಂಬೆ ಸಿಪ್ಪೆಯ ಪರಿಮಳ ಸೇರಿದ ಈ ಸಿಹಿರೊಟ್ಟಿ ಮಿಲಾನ್ ನಗರದ ಪ್ರಸಿದ್ಧ ಪನೆತ್ತೋನೆಗಿಂತ ಉತ್ತಮವೆಂದು ಹೊಗಳಿದ. ಮರಿಯೆತ್ತಾ ನುರಿತ ಅಡುಗೆಯವಳು, ಒಳ್ಳೆಯ ಹೃದಯದವಳು ಎಂದು ಅಲ್ಲಿಯೇ ದಾಖಲಿಸಿದ. ಆದರೂ ಮುಖಪುಟದಲ್ಲಿ ಅಚ್ಚಾದದ್ದು ಅರ್ತೂಸಿಯ ಹೆಸರೊಂದೇ. ಆತನ ಕೀರ್ತಿಯನ್ನು ತೂಗುವಾಗ ಈ ಕೊರತೆಯನ್ನು ತಕ್ಕಡಿಯಿಂದ ಹೊರಗಿಡುವಂತಿಲ್ಲ.

ಒಲೆಯ ಮೇಲೆ ಬೆಂದ ಭಾಷೆ

1861ರಲ್ಲಿ ಇಟಲಿ ಒಂದು ದೇಶವಾಯಿತು. ಆಗ ಜನಸಂಖ್ಯೆಯ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಅನಕ್ಷರಸ್ಥರು. ಇಟಾಲಿಯನ್ ಭಾಷೆ ಬಲ್ಲವರು ನೂರಕ್ಕೆ ಮೂವರೂ ಇರಲಿಲ್ಲವೆಂಬುದು ಭಾಷಾಶಾಸ್ತ್ರಜ್ಞ ತುಲ್ಲಿಯೊ ದೆ ಮೌರೊನ ಅಂದಾಜು. ಅದು ಸುಮಾರು ಹತ್ತು ಎಂದವರೂ ಇದ್ದಾರೆ. ಊರೂರಿಗೆ ಬೇರೆ ನುಡಿ. ಹೊಸ ರಾಜ್ಯ ಮೆಟ್ರಿಕ್ ಪದ್ಧತಿಯನ್ನು ಕಾನೂನಾಗಿಸುವ ತನಕ ಊರೂರಿಗೆ ಬೇರೆ ತೂಕ. ಶ್ರೀಮಂತರ ಅಡುಗೆ ಪುಸ್ತಕಗಳಲ್ಲಿ ಫ್ರೆಂಚ್ ಪದಗಳದೇ ದರಬಾರು.

ಅರ್ತೂಸಿ ಫ್ರೆಂಚ್ ಆಡಂಬರವನ್ನು ಹೊರಗಿಟ್ಟು, ಫ್ಲಾರೆನ್ಸಿನ ತಿಳಿಯಾದ ಇಟಾಲಿಯನ್ನಿನಲ್ಲಿ ಬರೆದ. ಟಸ್ಕನಿಯ ಪದಗಳು ಬೇರೆಯವರಿಗೆ ಅರ್ಥವಾಗದೆಂದು ಪುಸ್ತಕದಲ್ಲೇ ಪದಕೋಶ ಕೊಟ್ಟ. ಬೆಳ್ಳಗಿನ 'ಬೆಶಮೆಲ್' ಗೊಜ್ಜು ಆತನಲ್ಲಿ 'ಬಾಲ್ಸಮೆಲ್ಲಾ' ಆಯಿತು. ಶಾಲೆಯ ಪಠ್ಯ ತಲುಪದ ಮನೆಗಳಿಗೆ ಅಡುಗೆಯ ನೆಪದಲ್ಲಿ ಒಂದು ಭಾಷೆ ಪ್ರವೇಶಿಸಿತು. 1970ರಲ್ಲಿ ಈ ಕೃತಿಯನ್ನು ಸಂಪಾದಿಸಿದ ವಿದ್ವಾಂಸ ಪಿಯೆರೊ ಕಂಪೊರೇಸಿ, ದೇಶದ ಜನರನ್ನು ಬೆಸೆಯುವಲ್ಲಿ ಇದರ ಪಾತ್ರ ಮಾನ್ಜೋನಿಯ ಮಹಾಕಾದಂಬರಿಗಿಂತಲೂ ಹಿರಿದೆಂದು ವಾದಿಸಿದ್ದಾನೆ.

ಮಿತಿಯೂ ಇದೆ. ಪುಸ್ತಕದ ಬಹುಭಾಗ ರೊಮಾನ್ಯ, ಟಸ್ಕನಿ ಹಾಗೂ ಉತ್ತರದ ಅಡುಗೆಗೆ ಮೀಸಲು. ದಕ್ಷಿಣ ಇಟಲಿಗೆ ದೊರೆತ ಪಾಲು ಕಡಿಮೆ. ಅಲ್ಲದೆ ಬೆಣ್ಣೆ, ಮೊಟ್ಟೆ, ಮಾಂಸವನ್ನು ಧಾರಾಳವಾಗಿ ಬಳಸುವ ಈ ಊಟ ಮಧ್ಯಮ ವರ್ಗದ್ದೇ ಹೊರತು ಅರೆಹೊಟ್ಟೆಯ ರೈತರದಲ್ಲ.

ಕೊನೆಯ ಲೆಕ್ಕ

1911ರ ಮಾರ್ಚ್ 30ರಂದು, ತೊಂಬತ್ತರ ವಯಸ್ಸಿನಲ್ಲಿ ಅರ್ತೂಸಿ ಫ್ಲಾರೆನ್ಸಿನಲ್ಲಿ ಕೊನೆಯುಸಿರೆಳೆದ. ದೇಶ ಏಕೀಕರಣದ ಐವತ್ತನೇ ವರ್ಷವನ್ನು ಆಚರಿಸುತ್ತಿದ್ದ ಕಾಲವದು. ನಗರದ ಮೇಲಿನ ಸಾನ್ ಮಿನಿಯಾತೊ ಗುಡ್ಡದ ಸ್ಮಶಾನದಲ್ಲಿ ಆತನ ಸಮಾಧಿಯಿದೆ.

ಉಯಿಲು ತೆರೆದಾಗ ಹೊರಬಿದ್ದದ್ದು ವ್ಯಾಪಾರಿಯ ಕೊನೆಯ ಲೆಕ್ಕ. ತನ್ನ ಕುಟುಂಬ ಗಾಯಗೊಂಡು ತೊರೆದ, ತನ್ನ ಪುಸ್ತಕವನ್ನು ತಂಬಾಕಿನ ಅಂಗಡಿಗೆ ಮಾರಿದ ಆ ಹುಟ್ಟೂರನ್ನು ಆತ ಮರೆತಿರಲಿಲ್ಲ. ಗ್ರಂಥಸಂಗ್ರಹವೂ ಆಸ್ತಿಯೂ ಫೊರ್ಲಿಂಪೊಪೊಲಿಗೆ ಸೇರಿದವು. ಪುಸ್ತಕದ ಹಕ್ಕು ಮಾತ್ರ ಮರಿಯೆತ್ತಾ ಮತ್ತು ಫ್ರಾಂಚೆಸ್ಕೊ ಅವರಿಗೆ ಸಂದಿತು. ಮುಖಪುಟದಲ್ಲಿ ಸಿಗದ ಸ್ಥಾನ ಅವರಿಗೆ ಉಯಿಲಿನಲ್ಲಿ ಸಿಕ್ಕಿತು. ಯಾರ ಕೈಗಳು ತಿನಿಸುಗಳನ್ನು ಹದಗೊಳಿಸಿದ್ದವೋ ಆ ಕೈಗಳಿಗೇ ಅವುಗಳ ಗಳಿಕೆ ತಲುಪಿತು.

ಹುಟ್ಟೂರೂ ಹಳೆಯ ಸಾಲ ತೀರಿಸಿದೆ. 1997ರಿಂದ ಅಲ್ಲಿ ಬೇಸಿಗೆಯಲ್ಲಿ ಅರ್ತೂಸಿ ಉತ್ಸವ ನಡೆಯುತ್ತ ಬಂದಿದೆ. 2007ರಲ್ಲಿ 'ಕಾಸಾ ಅರ್ತೂಸಿ' ಎಂಬ ಮನೆಯಡುಗೆಯ ಕೇಂದ್ರ ತೆರೆಯಿತು. ಅಲ್ಲಿ ಹಿಟ್ಟು ನಾದುವುದನ್ನು, ಲಟ್ಟಿಸುವುದನ್ನು ಕಲಿಸುವ ಮಹಿಳೆಯರಿಗೆ 'ಮರಿಯೆತ್ತೆ' ಎಂದು ಹೆಸರು. ಮನೆಯಡುಗೆಯ ನಿಪುಣರಿಗೆ ನೀಡುವ ಪ್ರಶಸ್ತಿಯೂ ಮರಿಯೆತ್ತಾಳ ಹೆಸರಿನದೇ. 2025ರ ಡಿಸೆಂಬರಿನಲ್ಲಿ ನವದೆಹಲಿಯಲ್ಲಿ ಸೇರಿದ್ದ ಯುನೆಸ್ಕೊ ಸಮಿತಿ ನಮ್ಮ ದೀಪಾವಳಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಅದೇ ಅಧಿವೇಶನದಲ್ಲಿ ಇಟಲಿಯ ಅಡುಗೆಗೂ ಆ ಮನ್ನಣೆ ದೊರೆಯಿತು.

ಪಟ್ಟಿ, ಪ್ರಶಸ್ತಿ, ಉತ್ಸವಗಳು ಬರುತ್ತವೆ, ಹೋಗುತ್ತವೆ. ಅರ್ತೂಸಿಯ ನಿಜವಾದ ಸ್ಮಾರಕ ಆತ ಬರೆದಿಟ್ಟ ಅಳತೆ. 50 ಗ್ರಾಂ ಬಾದಾಮಿ ತೂಗಿ, ಒಂದು ನಿಂಬೆಯ ಹಳದಿ ಸಿಪ್ಪೆ ತುರಿದು, ತೋಳು ಸೋಲುವ ತನಕ ಕಡೆಯಲು ಸಿದ್ಧರಿರುವ ಯಾರಿಗೂ ಅದು ಮೋಸ ಮಾಡದು.